ಮೈಲೋಮಾ: ಮುಂದೇನೆಂದು ಹೇಳಲು ರಕ್ತಪರೀಕ್ಷೆಯೊಂದೇ ಸಾಕೆ?

ಪರ

ಮೈಲೋಮಾ ಎಂದರೆ ಮೂಳೆಮಜ್ಜೆಯಲ್ಲಿ ಪ್ರತಿಕಾಯ ಪ್ರೊಟೀನ್ ತಯಾರಿಸುವ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್. ಅದನ್ನು ಪರೀಕ್ಷಿಸಲು ಸೊಂಟದ ಹಿಂಬದಿಯ ಮೂಳೆಗೆ ದಪ್ಪ ಸೂಜಿ ಇಳಿಸಿ ಮಜ್ಜೆ ಎಳೆಯುವುದನ್ನು ಒಮ್ಮೆ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಚರ್ಮವನ್ನು ಮರಗಟ್ಟಿಸಬಹುದು, ಸಿರಿಂಜ್ ಹಿಂದಕ್ಕೆ ಎಳೆದಾಗ ಮೂಳೆಯೊಳಗೆ ಏಳುವ ಸೆಳೆತ ಆ ಚುಚ್ಚುಮದ್ದಿಗೆ ಬಗ್ಗುವುದಿಲ್ಲ. ಎಪ್ಪತ್ತು ದಾಟಿದ ಅಜ್ಜನನ್ನು ಇದಕ್ಕಾಗಿ ಮತ್ತೆ ಮತ್ತೆ ಮಗ್ಗುಲಾಗಿ ಮಲಗಿಸಬೇಕೆ?

2005ರಲ್ಲಿ ಬಂದ ಐಎಸ್‌ಎಸ್ ಎಂಬ, ರೋಗ ಎಷ್ಟು ಮುಂದುವರಿದಿದೆ ಎಂದು ಅಳೆಯುವ ಹಂತ ಪದ್ಧತಿ ನಿಂತಿರುವುದೇ ರಕ್ತದ ಎರಡು ಪ್ರೊಟೀನುಗಳ ಅಂಕಿಗಳ ಮೇಲೆ. ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಲೀಟರಿಗೆ 3.5 ಮಿಲಿಗ್ರಾಂಗಿಂತ ಕೆಳಗಿದ್ದು, ಆಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಂ ಇಲ್ಲವೇ ಅದಕ್ಕಿಂತ ಮೇಲಿದ್ದರೆ ಒಂದನೇ ಹಂತ. ಬೀಟಾ-2 5.5 ಮುಟ್ಟಿತೋ, ಮೂರನೇ ಹಂತ. ಅಂದಿನ ಲೆಕ್ಕದಲ್ಲಿ ಒಂದನೇ ಹಂತದವರ ಮಧ್ಯಮ ಆಯಸ್ಸು (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 62 ತಿಂಗಳು, ಮೂರನೆಯವರದು 29. ಜಿಲ್ಲಾ ಕೇಂದ್ರದಲ್ಲಿ ತೆಗೆದ ರಕ್ತ ಬೆಂಗಳೂರಿಗೆ ಹೋದರೆ ಸಾಕು, ರೋಗಿ ಬಸ್ ಹತ್ತಬೇಕಿಲ್ಲ.

ಇನ್ನೊಂದು ವಿಷಯ. ಮೈಲೋಮಾ ಎಲ್ಲ ಮೂಳೆಗಳಲ್ಲೂ ಒಂದೇ ಹದದಲ್ಲಿ ಕೂರುವ ಕಾಯಿಲೆಯಲ್ಲ. ಸೂಜಿಗೆ ಸಿಗುವುದು ಸೊಂಟದ ಒಂದು ಚೂರು. ರಕ್ತವೋ ಬೆನ್ನು, ಪಕ್ಕೆ, ಬುರುಡೆಗಳನ್ನೆಲ್ಲ ಸುತ್ತಿ ಬಂದದ್ದು. ಅದರಲ್ಲೂ ಪ್ರತಿಕಾಯದ ಬಿಡಿ ತುಣುಕಾದ ಫ್ರೀ ಲೈಟ್ ಚೈನ್ ಗಂಟೆಗಳಲ್ಲೇ ಅರ್ಧಕ್ಕಿಳಿಯುವ ಪ್ರೊಟೀನ್. ಐಜಿಜಿ ಎಂಬ ಇಡೀ ಪ್ರತಿಕಾಯ ಅರ್ಧವಾಗಲು ಸುಮಾರು ಮೂರು ವಾರ ಬೇಕು. ಔಷಧಿ ನಾಟಿದೆಯೋ ಇಲ್ಲವೋ ಎಂಬುದು ಬೇಗ ತಿಳಿಯುವುದು ಫ್ರೀ ಲೈಟ್ ಚೈನಿನಿಂದಲೇ.

ವಿರೋಧ

ಏರಿದ ಅಂಕಿ ಯಾರ ಸುದ್ದಿ ಹೇಳುತ್ತಿದೆ? ಬೀಟಾ-2 ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕ. ಕಿಡ್ನಿ ಸೋತರೆ ಮೈಲೋಮಾ ಇಲ್ಲದವರಲ್ಲೂ ಅದು ಏರುತ್ತದೆ. ಮೂಳೆ ಸವೆದ ಬೆನ್ನುನೋವನ್ನು ಡಿಸ್ಕ್ ಎಂದುಕೊಂಡು, ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿ, ಕಿಡ್ನಿ ಕೆಡಿಸಿಕೊಂಡು, ಕ್ರಿಯಾಟಿನಿನ್ ಏರಿಸಿಕೊಂಡು ಬರುವವರು ನಮ್ಮಲ್ಲಿ ಇದ್ದೇ ಇದ್ದಾರೆ. ಅಂಥವರ ವರದಿಯಲ್ಲಿ ಬೀಟಾ-2 6 ಎಂದಿದ್ದರೆ ಅದರಲ್ಲಿ ಕ್ಯಾನ್ಸರಿನ ಪಾಲೆಷ್ಟು, ಮಾತ್ರೆಯ ಪಾಲೆಷ್ಟು? ಆಲ್ಬುಮಿನ್ನನ್ನೂ ಲಿವರ್ ತೊಂದರೆ, ಸೋಂಕು ಇಳಿಸಬಲ್ಲವು.

ರೋಗದ ಸ್ವಭಾವ ಅಡಗಿರುವುದು ಪ್ಲಾಸ್ಮಾ ಕೋಶದ ಕ್ರೋಮೋಸೋಮಿನಲ್ಲಿ. 17ನೆಯದರ ಗಿಡ್ಡ ತೋಳು ಕಳಚಿದೆಯೇ, 4 ಮತ್ತು 14 ತುಂಡು ಬದಲಿಸಿಕೊಂಡಿವೆಯೇ ಎಂದು ನೋಡುವ ಫಿಶ್ ಪರೀಕ್ಷೆಗೆ ಸಾಮಾನ್ಯವಾಗಿ ಮಜ್ಜೆಯೇ ಬೇಕು. ಐಎಸ್‌ಎಸ್ ತಿದ್ದಿದವರು 2015ರಲ್ಲಿ ರಕ್ತದ ಎಲ್‌ಡಿಎಚ್ ಎಂಬ ಕಿಣ್ವದ ಜೊತೆ ಇದನ್ನೂ ಸೇರಿಸಿದ್ದು ಸುಮ್ಮನೆಯೇ? 2022ರ ತಿದ್ದುಪಡಿಯಲ್ಲಿ 1ನೇ ಕ್ರೋಮೋಸೋಮಿನ ಹೆಚ್ಚುವರಿ ತುಂಡೂ ಲೆಕ್ಕಕ್ಕೆ ಬಂತು.

ಇನ್ನು ಆ 29 ತಿಂಗಳು. ಅದು ಬೋರ್ಟೆಜೊಮಿಬ್ ಎಂಬ ಮೈಲೋಮಾ ಔಷಧಿ ಬಳಕೆಗೆ ಬರುವ ಮುಂಚಿನ ರೋಗಿಗಳ ಲೆಕ್ಕ. ಅದನ್ನು ಇವತ್ತಿನ ಮನೆಯವರ ಮುಂದೆ ಇಡುವುದು ಹಳೇ ಪಂಚಾಂಗ ನೋಡಿ ಮುಹೂರ್ತ ಇಟ್ಟಂತೆ.

ಚಿಕಿತ್ಸೆ ನಡೆಯುವಾಗ ತಿಂಗಳು ತಿಂಗಳು ರಕ್ತ ನೋಡಿ, ಅದಕ್ಕೆ ಯಾರ ತಕರಾರೂ ಇಲ್ಲ. ಮೊದಲ ದಿನದ ಸೂಜಿಯನ್ನು ಮಾತ್ರ ತಪ್ಪಿಸಬೇಡಿ. ಕೆಲವೇ ಕೆಲವರಲ್ಲಿ ಕ್ಯಾನ್ಸರ್ ಕೋಶ ಪ್ರೊಟೀನನ್ನು ಹೊರಬಿಡುವುದೇ ಇಲ್ಲ. ಅಂಥವರ ಪ್ರೊಟೀನ್ ವರದಿ ಶುಭ್ರವಾಗಿರುತ್ತದೆ. ಎಕ್ಸ್‌ರೇಯಲ್ಲಿ ಬುರುಡೆ ತೂತುತೂತಾಗಿ ಕಾಣುತ್ತಿರುತ್ತದೆ.