ಬೆಲ್ಟ್ ಇಲ್ಲ ಅಂದಮಾತ್ರಕ್ಕೆ ರಿಪೇರಿ ಇಲ್ಲವೇ?
ಹಳೆಯ ರೆಕಾರ್ಡ್ ಪ್ಲೇಯರ್‌ಗಳ ಕುರಿತ ಲೇಖನದಲ್ಲಿ, ಮೋಟಾರೇ ತಟ್ಟೆಯನ್ನು ನೇರವಾಗಿ ತಿರುಗಿಸುವ ಬಗೆಯ ಬಗ್ಗೆ 'ಡೈರೆಕ್ಟ್ ಡ್ರೈವ್‌ನಲ್ಲಿ ಬೆಲ್ಟೇ ಇಲ್ಲ, ಹಳೆಯದನ್ನು ಕೊಂಡರೂ ಚಿಂತೆಯಿಲ್ಲ' ಎಂದು ಬರೆದಿದ್ದೀರಿ. ಇದು ಅರ್ಧ ಸತ್ಯ. ಬೆಲ್ಟ್ ಇರುವ ಪ್ಲೇಯರ್‌ನಲ್ಲಿ ಅದು ಸಡಿಲವಾದರೆ ಹೊಸದು ಹಾಕಿಕೊಂಡು ಐದು ನಿಮಿಷದಲ್ಲಿ ಹಾಡು ಕೇಳಬಹುದು. ಡೈರೆಕ್ಟ್ ಡ್ರೈವ್‌ನಲ್ಲಾದರೆ ವೇಗವನ್ನು ಹಿಡಿದಿಡುವುದು ಎಲೆಕ್ಟ್ರಾನಿಕ್ ಬೋರ್ಡು. ನಲವತ್ತು ವರ್ಷದಲ್ಲಿ ಅದರಲ್ಲಿರುವ, ವಿದ್ಯುತ್ ಹಿಡಿದಿಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗುತ್ತವೆ. ಮೋಟಾರನ್ನು ನಡೆಸುವ ಐಸಿ (ಚಿಪ್) ಸುಟ್ಟರಂತೂ ಬಿಡಿಭಾಗಕ್ಕಾಗಿ ಅದೇ ಮಾದರಿಯ ಇನ್ನೊಂದು ಕೆಟ್ಟ ಸೆಟ್ ಹುಡುಕಬೇಕಾಗಬಹುದು. 1979ರಲ್ಲಿ ಬಂದು ದಶಕಗಳ ಕಾಲ ತಯಾರಾದ ಟೆಕ್ನಿಕ್ಸ್ ಎಸ್‌ಎಲ್-1200 ಮಾರ್ಕ್ 2ಕ್ಕೆ ಈ ಪಾಡು ಕಡಿಮೆ, ಅಪರೂಪದ ಮಾದರಿಗಳಿಗೆ ಹೆಚ್ಚು.

ಹಾಗಂತ ನಾನು ನನ್ನದನ್ನು ಮಾರುವವನಲ್ಲ. ವೇಗ ಏರಿಳಿದು ವೀಣೆಯ ದೀರ್ಘ ಸ್ವರಗಳು ಅಲುಗಾಡತೊಡಗಿದ್ದವು. ಹಳೇ ರೇಡಿಯೊ ಮೆಕ್ಯಾನಿಕ್ ಒಬ್ಬರು ಕೆಪಾಸಿಟರ್ ಬದಲಿಸಿ, ವೇಗ ಹೊಂದಿಸುವ ಪ್ರೀಸೆಟ್‌ಗಳನ್ನು ಶುಚಿ ಮಾಡಿಕೊಟ್ಟರು. ಅಂದು ರಾತ್ರಿ ಷಡ್ಜ ನಿಂತಲ್ಲೇ ನಿಂತಿತು, ಕಣ್ಣು ತುಂಬಿ ಬಂತು.

ಇನ್ನೊಂದು ಮಾತು ಲೇಖನದಲ್ಲಿ ಬರಲೇಬೇಕಿತ್ತು: ಜಪಾನಿನ ಒಳಮಾರುಕಟ್ಟೆಗೆಂದು ಮಾಡಿದ ಸೆಟ್‌ಗಳು 100 ವೋಲ್ಟಿನವು. ವೋಲ್ಟೇಜ್ ಇಳಿಸುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಸಿಕ್ಕಿಸಬೇಡಿ. ಕೊಳ್ಳುವ ಮುನ್ನ ಹಿಂಬದಿಯ ಚೀಟಿ ಓದಿ.