ನೆನಪಿನ ಹುಚ್ಚು ಅಂತೆ!

ನಿನ್ನೆ ಇಂದ್ರಾಳಿಯಲ್ಲಿ ಅಕ್ಕನ ಮನೆಯ ಸತ್ಯನಾರಾಯಣ ಪೂಜೆ. ಅಕ್ಕನ ಮಗ ಸಾವಿರಗಟ್ಟಲೆ ಕೊಟ್ಟು ಹೊಸ ಗೇಮ್ ಡಿಸ್ಕ್ ತಂದಿದ್ದ. ಒಳಗೆ ಹಾಕಿದ ಕೂಡಲೇ ಅಪ್‌ಡೇಟ್ ಬೇಕು ಅಂತ ಬಂತು. ಸಂಕಲ್ಪ ಆಯಿತು, ಐದೂ ಅಧ್ಯಾಯ ಕಥೆ ಮುಗಿಯಿತು, ಮಂಗಳಾರತಿ ಆಯಿತು, ಸಪಾದ ಭಕ್ಷ್ಯ ಕೈಗೆ ಬಂತು, ಟಿವಿಯಲ್ಲಿದ್ದ ಆ ಗೆರೆ ಮಾತ್ರ ಅರ್ಧ ದಾಟಿರಲಿಲ್ಲ. ಊಟಕ್ಕೆ ಎಲೆ ಹಾಕಿದ ಮೇಲೂ ಹುಡುಗ ಅಲ್ಲೇ ಕೂತಿದ್ದ, ಪಾಪ.

ನನಗೆ ಸುಮ್ನಿರಲಿಕ್ಕೆ ಆಗಲಿಲ್ಲ. "ನನ್ನ ಹಳೇ ಸ್ಪೆಕ್ಟ್ರಂ ಕಂಪ್ಯೂಟರ್ ಪ್ಲಗ್ ಹಾಕಿದ ತಕ್ಷಣ ರೆಡಿ" ಅಂದೆ. ಭಾವ ಜೋರಾಗಿ ನಕ್ಕರು. "ನಿಂದು ಬರೀ ನೆನಪಿನ ಹುಚ್ಚು ಮಾರಾಯ. ಆ ಡಬ್ಬದಲ್ಲಿ ಎಂತ ಉಂಟು?"

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹಳೇ ಕಂಪ್ಯೂಟರ್, ಹಳೇ ವೀಡಿಯೊ ಗೇಮ್ ಇಷ್ಟ ಅಂದರೆ ಮುಗಿಯಿತು, ಬಾಲ್ಯದ ನೆನಪು ಅಂತ ಷರಾ ಬರೆದುಬಿಡುತ್ತಾರೆ. ಯಾರ ಬಾಲ್ಯ ಮಾರಾಯ್ರೆ? ನನ್ನ ಬಾಲ್ಯ ನಿಮಗೆಲ್ಲ ಗೊತ್ತೇ ಉಂಟು. ಮನೆಗೆ ಟಿವಿ ಬಂದದ್ದೇ ತಡವಾಗಿ. 1984-85ರ ಹೊತ್ತಿಗೆ ಸರ್ಕಾರ ಕ್ಲಾಸ್ ಅನ್ನುವ ಯೋಜನೆಯಲ್ಲಿ ದೇಶದ ಒಂದಷ್ಟು ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟಿತ್ತು. ನಮ್ಮ ಶಾಲೆಗೆ ಬಂದದ್ದು ಒಂದು ಗ್ಲೋಬ್. ಪಕ್ಕದ ಮನೆಯಲ್ಲಿ ಟಿವಿಗೆ ಹಾಕುವ ವೀಡಿಯೊ ಗೇಮ್ ಇತ್ತು, ಸರಿ. ಕ್ಯಾಸೆಟ್ ಊದಿ ಊದಿ ಹಾಕುವಂಥದ್ದು. ಊದುವ ಕೆಲಸ ನನ್ನದು, ಆಡುವ ಕೆಲಸ ಅವರ ಮಗನದ್ದು. ಅದನ್ನು ಯಾರಾದರೂ ಸವಿನೆನಪು ಅಂತಾರಾ? ಸ್ಪೆಕ್ಟ್ರಂ ಅಂತೂ ನಾನು ಮೊದಲು ಮುಟ್ಟಿದ್ದೇ ನಲವತ್ತು ದಾಟಿದ ಮೇಲೆ. ಇಲ್ಲದ ನೆನಪಿಗೆ ಹುಚ್ಚು ಹಿಡಿಯುವುದು ಹೇಗೆ, ಭಾವನೇ ಹೇಳಬೇಕು.

ನನಗೆ ಹಿಡಿಸಿದ್ದು ಬೇರೆ. ಆ ಯಂತ್ರದ ಒಳಗೆ ಏನು ನಡೆಯುತ್ತದೆ ಅಂತ ಕೂತು ಕಲಿತರೆ ಒಬ್ಬ ಮನುಷ್ಯನಿಗೆ ಅರ್ಥವಾಗುತ್ತದೆ. ಸ್ಪೆಕ್ಟ್ರಂ 1982ರದ್ದು. ರಬ್ಬರ್ ಕೀಗಳು, ದೊಡ್ಡ ಮಾದರಿಯಲ್ಲೂ 48 ಕೆಬಿ ಮೆಮೊರಿ. ಆನ್-ಆಫ್ ಸ್ವಿಚ್ ಕೂಡ ಇಲ್ಲ. ಕರೆಂಟ್ ಕೊಟ್ಟರೆ ಬೇಸಿಕ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ರೆಡಿ, ಪ್ರೋಗ್ರಾಂ ಬರೆಯಲಿಕ್ಕೆ ಶುರು ಮಾಡಬಹುದು. ಲಾಗಿನ್ ಇಲ್ಲ, ಒಟಿಪಿ ಇಲ್ಲ, ಓದದೇ ಇರುವ ಷರತ್ತು ಓದಿದ್ದೇನೆ ಅಂತ ಸುಳ್ಳು ಒತ್ತುವುದಿಲ್ಲ. ಪರದೆಯಲ್ಲಿ 8 ಚುಕ್ಕಿ ಉದ್ದ, 8 ಚುಕ್ಕಿ ಅಗಲದ ಒಂದೊಂದು ಚೌಕಕ್ಕೆ ಎರಡೇ ಬಣ್ಣ. ಹಾಗಾಗಿ ಗೇಮಿನ ಹೀರೋ ಮರದ ಪಕ್ಕ ಹೋದರೆ ಮರದ ಹಸಿರು ಅವನ ಮುಖಕ್ಕೂ ಮೆತ್ತಿಕೊಳ್ಳುತ್ತದೆ. ದೋಷವೇ, ಇಲ್ಲ ಅನ್ನುವುದಿಲ್ಲ. ಆದರೆ ಯಾಕೆ ಹಾಗಾಯಿತು ಅಂತ ನನಗೆ ಗೊತ್ತು. ನಿಮ್ಮ ಫೋನ್ ಸುಮ್ನೆ ಕೂತಲ್ಲೇ ಬಿಸಿಯಾಗುವುದು ಯಾಕೆ ಅಂತ ನಿಮಗೆ ಗೊತ್ತುಂಟಾ?

ಡಬ್ಬದಲ್ಲಿ ಎಂತ ಉಂಟು ಅಂತ ಕೇಳಿದರಲ್ಲ, ಹೇಳ್ತೇನೆ. 1984ರಲ್ಲಿ ಡೇವಿಡ್ ಬ್ರೇಬನ್, ಇಯಾನ್ ಬೆಲ್ ಅನ್ನುವ ಇಬ್ಬರು ಕೇಂಬ್ರಿಜ್ ಹುಡುಗರು ಬಿಬಿಸಿ ಮೈಕ್ರೋಗೆ 'ಎಲೀಟ್' ಅಂತ ಒಂದು ಗೇಮ್ ಮಾಡಿದರು. ಯಂತ್ರದ ಮೆಮೊರಿ 32 ಕೆಬಿ. ಗೇಮಿನಲ್ಲಿ 8 ಗ್ಯಾಲಕ್ಸಿ, ಒಂದೊಂದರಲ್ಲಿ 256 ಗ್ರಹ, ಪ್ರತಿ ಗ್ರಹಕ್ಕೂ ಹೆಸರು, ಜನಸಂಖ್ಯೆ, ವ್ಯಾಪಾರ. ಇದನ್ನೆಲ್ಲ ಬರೆದಿಡಲು ಜಾಗ ಎಲ್ಲಿದೆ? ಅವರು ಬರೆದಿಡಲೇ ಇಲ್ಲ! ಕೆಲವೇ ಸಂಖ್ಯೆಗಳನ್ನು ಇಟ್ಟುಕೊಂಡು, ಅವುಗಳಿಂದ ಲೆಕ್ಕ ಹಾಕಿ, ಬೇಕಾದಾಗ ಗ್ರಹವನ್ನು ಹುಟ್ಟಿಸಿದರು. ಸಂಖ್ಯೆ ಅದೇ ಆದ್ದರಿಂದ ಯಾವಾಗ ಹೋದರೂ ಗ್ರಹವೂ ಅದೇ. ಇದು ಅರ್ಥವಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1978ರ 'ಸ್ಪೇಸ್ ಇನ್ವೇಡರ್ಸ್' ನೋಡಿ, ಶತ್ರುಗಳು ಕಡಿಮೆಯಾದ ಹಾಗೆ ಉಳಿದವರು ಜೋರಾಗಿ ಓಡುತ್ತಾರೆ, ಎದೆ ಡವಡವ ಅನ್ನುತ್ತದೆ. ಅದು ಮೊದಲೇ ಕೂತು ಯೋಚಿಸಿ ಮಾಡಿದ್ದಲ್ಲ. ಬಿಡಿಸುವ ಚಿತ್ರ ಕಡಿಮೆಯಾದಾಗ ಆ ಬಡಪಾಯಿ ಪ್ರೊಸೆಸರಿಗೆ ಉಸಿರು ಬಂತು, ವೇಗ ಹೆಚ್ಚಾಯಿತು. ಮಾಡಿದವರಿಗೆ ಅದೇ ಚೆಂದ ಕಂಡಿತು, ಹಾಗೇ ಬಿಟ್ಟರು. 1985ರ 'ಸೂಪರ್ ಮಾರಿಯೊ'ದಲ್ಲಿ ಮೇಲಿನ ಮೋಡಕ್ಕೂ ಕೆಳಗಿನ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇಡೀ ಗೇಮ್ 40 ಕೆಬಿ. ನಮ್ಮ ಫ್ಯಾಮಿಲಿ ಗ್ರೂಪಿಗೆ ಬೆಳಗಾದರೆ ಬೀಳುವ ಒಂದು ಗುಡ್ ಮಾರ್ನಿಂಗ್ ಗುಲಾಬಿ ಇದಕ್ಕಿಂತ ದಪ್ಪ ಇರುತ್ತದೆ.

ಈಗ ಯಾರಾದರೂ ಬಂದು ಸ್ಪೆಕ್ಟ್ರಂ ಗೇಮ್ ಟೇಪ್ ಕ್ಯಾಸೆಟ್ಟಿನಿಂದ ಲೋಡ್ ಆಗಲಿಕ್ಕೆ ಐದು ನಿಮಿಷ ಬೇಕಿತ್ತಲ್ಲ ಅಂತಾರೆ. ಬೇಕಿತ್ತು. ಕಿರ್‍ರ್ ಅಂತ ಕಿರುಚಿ, ಅಂಚಿನಲ್ಲಿ ಪಟ್ಟೆ ಪಟ್ಟೆ ಬಣ್ಣ ಓಡಿಸಿ, ಕೊನೆಗೆ 'ಟೇಪ್ ಲೋಡಿಂಗ್ ಎರರ್' ಅಂತ ಮುಖಕ್ಕೆ ಹೊಡೆದ ಹಾಗೆ ಬರೆಯುತ್ತದೆ. ಆದರೆ ಕ್ಯಾಸೆಟ್ ನನ್ನದು. ಯಾವನೂ ಎಲ್ಲೋ ಕೂತು ಅದನ್ನು ಆಫ್ ಮಾಡುವುದಿಲ್ಲ. 2014ರಲ್ಲಿ ಬಂದ 'ದ ಕ್ರೂ' ಗೇಮನ್ನು ಜನ ದುಡ್ಡು ಕೊಟ್ಟೇ ತಗೊಂಡಿದ್ದರು. 2024ರ ಮಾರ್ಚ್ 31ಕ್ಕೆ ಯೂಬಿಸಾಫ್ಟ್ ಕಂಪನಿ ಅದು ನಡೆಯಲು ಬೇಕಾದ ಸರ್ವರ್ ನಿಲ್ಲಿಸಿತು, ಆಟವೂ ನಿಂತಿತು. ಡಿಸ್ಕ್ ಕೈಯಲ್ಲಿದೆ, ಗೇಮ್ ಇಲ್ಲ. ನೆನಪು ಮಾತ್ರ ಉಳಿದದ್ದು ಯಾರಿಗೆ ಈಗ, ಹೇಳಿ ನೋಡುವ?

ಗ್ರಾಫಿಕ್ಸ್ ವಿಷಯ ಎತ್ತಬೇಡಿ. ಹೊಸದು ಚೆಂದವೇ, ಬಿಡಿ.

ಮತ್ತೆ ಆ ಅಕ್ಕನ ಮಗ ಹುಟ್ಟಿದ್ದು 2012ರಲ್ಲಿ. ನಮ್ಮ ಮನೆಗೆ ಬಂದರೆ 'ಕಾಂಟ್ರಾ' ಅನ್ನುವ ಹಳೇ ಗೇಮ್ ಬಿಟ್ಟು ಏಳುವುದಿಲ್ಲ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ ಅಂತ ಒತ್ತಿದರೆ 30 ಜೀವ ಸಿಗುತ್ತದೆ ಅಂತ ತೋರಿಸಿದೆ. "ಬೇಡ ಮಾವ, ಮೂರರಲ್ಲೇ ಆಡ್ತೇನೆ" ಅಂದ. ಅವನಿಗೆ ಯಾವ ಬಾಲ್ಯದ ನೆನಪು? ಅವನು ಇನ್ನೂ ಬಾಲ್ಯದಲ್ಲೇ ಇದ್ದಾನೆ.

ಹಳೇ ಯಂತ್ರದ ಹಾಗೆ ನಟಿಸುವ ಎಮ್ಯುಲೇಟರ್ ಸಾಫ್ಟ್‌ವೇರ್ ಹಾಕಿ ಫೋನಲ್ಲೇ ಆಡಬಹುದು ಅನ್ನುವವರೂ ಇದ್ದಾರೆ. ಆಡಿ, ನಾನೂ ಆಡುತ್ತೇನೆ. ಆದರೆ ಬಾತುಕೋಳಿ ಹೊಡೆಯುವ ಹಳೇ ಗೇಮ್ 'ಡಕ್ ಹಂಟ್'ನ ಗನ್ ಹಿಡಿದು ಹೊಸ ತೆಳು ಟಿವಿಗೆ ಗುರಿ ಇಟ್ಟು ನೋಡಿ, ಒಂದೂ ಬಾತುಕೋಳಿ ಬೀಳುವುದಿಲ್ಲ. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಒಂದು ಬಿಳಿ ಚೌಕ ಮಿಂಚುತ್ತದೆ. ಗನ್ನಿನ ಕೊಳವೆಯೊಳಗಿನ ಸೆನ್ಸರಿಗೆ ಆ ಬೆಳಕು ಸರಿಯಾದ ಹೊತ್ತಿಗೆ ಕಂಡರೆ ಗುರಿ ತಾಗಿತು ಅಂತ ಲೆಕ್ಕ. ಹಳೇ ಪಿಕ್ಚರ್ ಟ್ಯೂಬಿನಲ್ಲಿ ಬೆಳಕು ಕೂಡಲೇ ಬರುತ್ತದೆ. ಹೊಸ ಟಿವಿ ಚಿತ್ರವನ್ನು ಸಿಂಗಾರ ಮಾಡಿ ಕಳಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಕಷ್ಟ ಇಲ್ಲ ಅಂತಲ್ಲ. ನಮ್ಮ ಈ ಉಪ್ಪುಗಾಳಿ, ಈ ಮಳೆಗಾಲ ಹಳೇ ಯಂತ್ರಕ್ಕೆ ಯಮ. ಫ್ಲಾಪಿಗೆ ಬೂಷ್ಟು, ಪಿನ್ನಿಗೆ ತುಕ್ಕು. ಜೂನ್ ಬಂತೆಂದರೆ ಎಲ್ಲವನ್ನೂ ಸಿಲಿಕಾ ಜೆಲ್ ಹಾಕಿ ಡಬ್ಬದಲ್ಲಿ ಮುಚ್ಚಿಡುತ್ತೇನೆ, ಬಾಣಂತಿಗೂ ಅಷ್ಟು ಆರೈಕೆ ಇಲ್ಲ ಅಂತ ಅಮ್ಮ ಬೈಯುತ್ತಾರೆ. ಸ್ಪೆಕ್ಟ್ರಂಗೆ ನಾನು ಕೊಟ್ಟ ಬೆಲೆ ಬೇರೆ, ಹೆಂಡತಿಗೆ ಹೇಳಿದ ಬೆಲೆ ಬೇರೆ. ಅವಳೂ ಫೇಸ್‌ಬುಕ್ಕಿನಲ್ಲಿ ಇದ್ದಾಳೆ, ಆದ್ದರಿಂದ ಆ ವಿಷಯ ಇಲ್ಲಿಗೇ ಬಿಟ್ಟೆ.

ಮಂಗಳೂರು, ಉಡುಪಿ ಕಡೆ ಯಾರ ಮನೆಯ ಅಟ್ಟದಲ್ಲಾದರೂ ಹಳೇ ದಪ್ಪ ಟಿವಿ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. 14 ಇಂಚಿನದ್ದಾದರೂ ಸಾಕು, ಕಲರ್ ಆಗಿರಬೇಕು, ರಿಮೋಟ್ ಇಲ್ಲದಿದ್ದರೂ ನಡೆಯುತ್ತದೆ. ನಾನೇ ರಿಕ್ಷಾ ಮಾಡಿಕೊಂಡು ಬಂದು ಒಯ್ಯುತ್ತೇನೆ. ರೇಟ್ ಮಾತ್ರ ಕಮೆಂಟಿನಲ್ಲಿ ಬರೆಯಬೇಡಿ, ಇನ್‌ಬಾಕ್ಸಿಗೆ ಬನ್ನಿ.