ಮೂರು ಮೂಲೆಯ ಕಾಳು, ನಾಲ್ಕು ಮೊಳದ ಪಂಚೆ

ಮಂಡ್ಯ ಸೀಮೆಯವರಿಗೆ ಯಾವ ವಿಷಯದಲ್ಲಿ ಬೇಕಾದರೂ ಬುದ್ಧಿ ಹೇಳಬಹುದು, ಹಿಟ್ಟು ತೊಳಸುವ ವಿಷಯದಲ್ಲಿ ಮಾತ್ರ ಹೇಳಬಾರದು. ಎಸರು ಕುದಿಯುವ ಸದ್ದು ಕೇಳಿಯೇ ಹಿಟ್ಟು ಸುರಿಯುವ ಹೊತ್ತಾಯಿತೋ ಇಲ್ಲವೋ ಹೇಳುವ ಜನ ನಾವು. ಈ ಜಂಬವನ್ನು ಹೊತ್ತುಕೊಂಡೇ ನಾನು ಗಂಡನ ಜೊತೆ ಸ್ಲೊವೇನಿಯಾದ ಲ್ಯುಬ್ಲ್ಯಾನಾಕ್ಕೆ ಬಂದು ಸಂಸಾರ ಹೂಡಿದ್ದು. ಇಲ್ಲಿನವರಿಗೂ ಹಿಟ್ಟಿನ ವಿಷಯದಲ್ಲಿ ಇಷ್ಟೇ ಜಂಬ ಇದೆ ಎಂದು ಯಾರೂ ಮುಂಚಿತವಾಗಿ ಹೇಳಿರಲಿಲ್ಲ.

ಇವರ ಜಂಬ ಬಕ್‌ವೀಟ್‌ನದು. ಇವರ ಬಾಯಲ್ಲಿ ಅದು ‘ಆಯ್ದಾ’. ಹೆಸರಲ್ಲಿ ವೀಟ್ ಇದೆ ಅನ್ನೋದು ಬಿಟ್ಟರೆ ಗೋಧಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಹುಲ್ಲಿನ ಜಾತಿಯೇ ಅಲ್ಲ ಅದು, ಚುಕ್ಕೆ ಸೊಪ್ಪಿನ ದಾಯಾದಿ. ಮೂರು ಮೂಲೆಯ ಪುಟ್ಟ ಕಂದು ಕಾಳು, ಬೀಸಿದರೆ ಬೂದು ಹಿಟ್ಟು. ಗೋಧಿಯನ್ನೋ ಬಾರ್ಲಿಯನ್ನೋ ಕೊಯ್ದ ಹೊಲದಲ್ಲೇ ಜುಲೈ ತಿಂಗಳಲ್ಲಿ ಚೆಲ್ಲಿ, ಚಳಿ ಬಲಿಯುವುದರೊಳಗೆ ಕೊಯ್ದುಕೊಳ್ಳುವ ಎರಡನೇ ಬೆಳೆ. 15ನೇ ಶತಮಾನದಿಂದ ಇಲ್ಲಿನ ಬೆಟ್ಟಗುಡ್ಡದ ಬಡವರ ಹೊಟ್ಟೆ ಹೊರೆದಿದೆ. ನನ್ನ ಉತ್ತರ ಭಾರತದ ಗೆಳತಿಯೊಬ್ಬಳು ಪೊಟ್ಟಣ ನೋಡಿ, “ಅಯ್ಯೋ, ಇದು ಕುಟ್ಟು! ನವರಾತ್ರಿ ಉಪವಾಸಕ್ಕೆ ತಿನ್ನೋದು” ಎಂದು ಭಕ್ತಿಯಿಂದ ಕಣ್ಣಿಗೊತ್ತಿಕೊಂಡಳು. ಇಲ್ಲಿನವರು ಅದರ ಮೇಲೆ ಹಂದಿ ಕೊಬ್ಬು ಸುರಿದು ತಿನ್ನುತ್ತಾರೆ ಅನ್ನೋದನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ.

ನನಗೆ ಈ ವಿದ್ಯೆಯ ದೀಕ್ಷೆ ಕೊಟ್ಟವರು ಕೆಳಗಿನ ಮನೆಯ ಅಜ್ಜಿ. ಅವರಿಗೆ ಇಂಗ್ಲಿಷ್ ಬರದು, ನನ್ನ ಸ್ಲೊವೇನಿಯನ್ ಬಸ್ಸಿಗೂ ತರಕಾರಿಗೂ ಸಾಕಾಗುವಷ್ಟು. ಒಂದು ಶನಿವಾರ ಅಜ್ಜಿ ತಾವೇ ಹಿಟ್ಟಿನ ಪೊಟ್ಟಣ, ಮರದ ಸೌಟು, ಮುಚ್ಚಿದ ಬಟ್ಟಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಮೊದಲ ಪಾಠ ಝ್ಗಾಂತ್ಸಿ. ಅದೇ ಹೊತ್ತಿಗೆ ಮದ್ದೂರು ಕಡೆಯ ಹಳ್ಳಿಯಿಂದ ನಮ್ಮತ್ತೆ ವಿಡಿಯೊ ಕಾಲ್ ಮಾಡಿದರು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದೆ.

ಅಜ್ಜಿ ಉಪ್ಪು ಹಾಕಿದ ನೀರು ತೆರಳುವವರೆಗೂ ಕಾದು, ಅಷ್ಟೂ ಹಿಟ್ಟನ್ನು ಒಂದೇ ಸಲಕ್ಕೆ ನಡುಮಧ್ಯಕ್ಕೆ ಸುರಿದರು. ಕಲಕಲಿಲ್ಲ. ಗುಡ್ಡೆಯಾಗಿ ನಿಂತ ಹಿಟ್ಟಿನ ನೆತ್ತಿಗೆ ಸೌಟಿನ ಹಿಡಿಯನ್ನು ತಿರುಗಿಸಿ ಚುಚ್ಚಿ, ತಳದವರೆಗೂ ತೂತು ಮಾಡಿದರು. ಆ ತೂತಿನಿಂದ ಎಸರು ಗುಳುಗುಳು ಅಂತ ಮೇಲೆ ಬಂತು.

ಫೋನಿನೊಳಗಿಂದ ಕೂಗು: “ಅಲ್ಲೇ, ಇದು ನಮ್ ಹಿಟ್ಟೇ ಕಣೇ! ಆಯಮ್ಮ ಯಾವೂರಂತೆ?”

“ಇಲ್ಲಿಯವರೇ ಅತ್ತೆ.”

“ರಾಗಿನಾ?”

“ಅಲ್ಲ.”

“ಗೋಧಿನಾ?”

“ಅದೂ ಅಲ್ಲ.”

“ಎರಡೂ ಅಲ್ದಿದ್ಮೇಲೆ ಯಾಕೆ ತೊಳಸ್ತಾ ಇದ್ದೀರಾ?”

ಹಿಟ್ಟು ಬೇಯಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಅತ್ತೆ ಕನ್ನಡದಲ್ಲಿ, ಅಜ್ಜಿ ಸ್ಲೊವೇನಿಯನ್‌ನಲ್ಲಿ ಧಾರಾಳವಾಗಿ ಮಾತಾಡಿಕೊಂಡರು. ಇಬ್ಬರೂ ಸರದಿಯಲ್ಲಿ ಮಂಡಿ ಮುಟ್ಟಿ ತೋರಿಸಿದ್ದರಿಂದ ವಿಷಯ ಮಂಡಿ ನೋವು ಎಂದು ಊಹಿಸಿದೆ. ಆಮೇಲೆ ಅತ್ತೆ ಗಾಳಿಯಲ್ಲೇ ಕೋಲು ತಿರುಗಿಸಿ ತೋರಿಸಿದರು. ಅಜ್ಜಿ ನನ್ನ ರಟ್ಟೆ ಹಿಡಿದು ಅಳತೆ ನೋಡಿ ತಲೆ ಅಲ್ಲಾಡಿಸಿದರು. ಇಬ್ಬರೂ ಜೋರಾಗಿ ನಕ್ಕರು. ಭಾಷೆ ಗೊತ್ತಿಲ್ಲದ ಇಬ್ಬರು ಹೆಂಗಸರು ಒಂದಾಗಬೇಕಾದರೆ ಮೂರನೆಯವಳು ಸೊಸೆಯಾಗಿದ್ದರೆ ಸಾಕು.

ಹೆಚ್ಚಾದ ನೀರು ಬಸಿದು ಅಜ್ಜಿ ತೊಳಸಿದ್ದೂ ನಮ್ಮ ಹಾಗೆಯೇ. ಈಗ ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟುತ್ತಾರೆ ಎಂದು ಅತ್ತೆ ಪರದೆಗೆ ಮುಖ ತಂದರು. ಅಜ್ಜಿ ಉದ್ದನೆಯ ಫೋರ್ಕ್ ತೆಗೆದುಕೊಂಡು ಅಷ್ಟನ್ನೂ ಪುಡಿಪುಡಿ ಕೆದರಿ ತಟ್ಟೆಗೆ ಉದುರಿಸಿದರು. ಝ್ಗಾಂತ್ಸಿ ಆಗಬೇಕಾದದ್ದೇ ಹಾಗೆ. ಆದರೆ ಅತ್ತೆಯ ಮುಖದಲ್ಲಿ ಸೂತಕದ ಕಳೆ ಬಂತು. ದನಿ ತಗ್ಗಿಸಿ, “ಹಿಟ್ಟು ಕೆಟ್ಟೋಯ್ತು ಕಣೇ. ಪಾಪ, ವಯಸ್ಸಾದೋರು, ಏನೂ ಅನ್ಬೇಡಿ. ಸುಮ್ನೆ ತಿನ್ಕೊಳಿ” ಅಂದರು.

ಅಷ್ಟರಲ್ಲಿ ಅಜ್ಜಿ ಬಟ್ಟಲಿನ ಮುಚ್ಚಳ ತೆಗೆದು ಒತ್ಸ್ವಿರ್ಕಿಯನ್ನು, ಅಂದರೆ ಕರಿದ ಹಂದಿ ಕೊಬ್ಬಿನ ಚೂರುಗಳನ್ನು, ಬಿಸಿ ಕೊಬ್ಬಿನ ಸಮೇತ ಮೇಲೆ ಸುರಿದರು.

“ಅದೇನ್ಲಾ ಮೇಲ್ ಸುರೀತಿರೋದು?”

“ಈರುಳ್ಳಿ ಕಣವ್ವ, ಕರಿದಿರೋದು” ಎಂದ ನಮ್ಮ ಯಜಮಾನರು ಫೋನನ್ನು ಮೆಲ್ಲಗೆ ಸೂರಿನ ಕಡೆ ತಿರುಗಿಸಿದರು.

ಶನಿವಾರ ಮಾಂಸ ಮುಟ್ಟುವುದಿಲ್ಲ ಎಂದು ಅವರು ಅವ್ವನಿಗೆ ಮಾತು ಕೊಟ್ಟಿದ್ದಾರೆ. ಮಾತು ತಪ್ಪುವ ಪೈಕಿ ಅಲ್ಲ. ಚಳಿಗಾಲದಲ್ಲಿ ಊರಿನ ಗಡಿಯಾರ ಇಲ್ಲಿಗಿಂತ ನಾಲ್ಕೂವರೆ ಗಂಟೆ ಮುಂದು. ರಾತ್ರಿ ಏಳೂವರೆ ಹೊಡೆಯುತ್ತಲೇ “ಊರಲ್ಲಿ ಭಾನುವಾರ ಆಯ್ತು” ಎಂದು ತಟ್ಟೆ ಎಳೆದುಕೊಂಡರು. ನಮ್ಮಲ್ಲಿ ವಾರ ಬದಲಾಗುವುದು ಸೂರ್ಯ ಹುಟ್ಟಿದ ಮೇಲೆ ಎಂದು ದಯವಿಟ್ಟು ಯಾರೂ ಅವರಿಗೆ ಹೇಳಲು ಹೋಗಬೇಡಿ. ನಾನು ಕೊಬ್ಬು ಬದಿಗೆ ಸರಿಸಿ ಕಿಸ್ಲೊ ಮ್ಲೇಕೊ ಹಾಕಿಕೊಂಡೆ. ನಮ್ಮ ಮೊಸರಿಗೆ ಹತ್ತಿರದ್ದು, ಇಲ್ಲಿಯವರೂ ಹಿಂದಿನಿಂದ ಹಾಗೆಯೇ ತಿನ್ನುತ್ತಾರೆ. ಸ್ವಲ್ಪ ಕಹಿ, ಸ್ವಲ್ಪ ಹುರಿದ ಘಮ. ಚೆನ್ನಾಗಿತ್ತು.

ಎರಡನೇ ಪಾಠ ಶ್ಟ್ರೂಕ್ಲಿ. ಸುರುಳಿ ಸುತ್ತಿ ಬೇಯಿಸುವ ಕಡುಬು. ಟ್ಯಾರಗನ್ ಸೊಪ್ಪು ತುಂಬಿದ ಶ್ಟ್ರೂಕ್ಲಿ ಮಾಡುವ ಬಗೆಯನ್ನು ಪಕ್ಕದ ಆಸ್ಟ್ರಿಯಾದ ಗ್ರಾಝ್ ಪಟ್ಟಣದಲ್ಲಿ 1589ರಲ್ಲೇ ಬರೆದಿಟ್ಟಿದ್ದರಂತೆ. ಹಬ್ಬಕ್ಕೆ, ಮದುವೆಗೆ, ಸುಗ್ಗಿ ಊಟಕ್ಕೆ ಇದು ಬೇಕೇ ಬೇಕು. ಆಯ್ದಾ ಹಿಟ್ಟಿನಲ್ಲಿ ಗೋಧಿಯ ಅಂಟು ಒಂದಿಷ್ಟೂ ಇಲ್ಲ, ಲಟ್ಟಿಸಲು ಹೋದರೆ ಒಡೆದು ಚೂರಾಗುತ್ತದೆ. ಅದಕ್ಕೇ ಮೊದಲು ಕುದಿಯುವ ನೀರು ಹೊಯ್ದು ಹಿಟ್ಟನ್ನು ಬಾಡಿಸಿ, ಆರಿದ ಮೇಲೆ ಗೋಧಿ ಹಿಟ್ಟು ಸೇರಿಸಿ ನಾದಬೇಕು. ಒಳಗೆ ತುಂಬಲು ಸ್ಕೂತಾ ಎಂಬ ಪನೀರಿನಂಥ ಮೆತ್ತನೆಯ ಚೀಸ್, ಮೊಟ್ಟೆ, ಹುಳಿ ಕೆನೆ, ಕುಟ್ಟಿದ ಅಕ್ರೋಟು.

ಇಷ್ಟಕ್ಕೂ ಅಜ್ಜಿ ನನ್ನನ್ನು ಬಯ್ಯಲಿಲ್ಲ. ತಕರಾರು ಬಂದದ್ದು ಬಟ್ಟೆಗೆ. ಲಟ್ಟಿಸಿದ ಹಿಟ್ಟನ್ನು ಬಟ್ಟೆಯ ಮೇಲೆ ಹರಡಿ, ಬಟ್ಟೆಯನ್ನೇ ಎತ್ತುತ್ತಾ ಸುರುಳಿ ಉರುಳಿಸಿ, ಅದೇ ಬಟ್ಟೆಯಲ್ಲಿ ಕಟ್ಟಿ ಕುದಿನೀರಿಗೆ ಬಿಡಬೇಕು. ನನ್ನ ಅಡುಗೆಮನೆಯ ಒರೆಸುವ ಬಟ್ಟೆಗಳನ್ನೆಲ್ಲ ಅಜ್ಜಿ ಒಂದೊಂದಾಗಿ ಹೆಬ್ಬೆರಳಲ್ಲಿ ಉಜ್ಜಿ ನೋಡಿ “ನೇ, ನೇ” ಎಂದು ಬಿಸಾಡಿದರು. ಒಂದಕ್ಕೆ ಜುಂಗು, ಇನ್ನೊಂದು ಮೊಳಕೈ ಉದ್ದವೂ ಇಲ್ಲ. ಆಗ ಅವರ ಕಣ್ಣು ಹೀಟರ್ ಪಕ್ಕದ ಸ್ಟ್ಯಾಂಡಿನ ಮೇಲೆ ಒಣಗುತ್ತಿದ್ದ ಪಂಚೆಗೆ ಬಿತ್ತು. ಶುಭ್ರ ಬಿಳುಪು, ನಾಲ್ಕು ಮೊಳ, ತೆಳು ಹತ್ತಿ, ಎರಡೂ ಕಡೆ ಕೆಂಪಂಚು. ನಾನು ಬಾಯಿ ತೆರೆಯುವಷ್ಟರಲ್ಲಿ ಅದು ಮೇಜಿನ ಮೇಲೆ ಹಾಸಿ, ಹಿಟ್ಟು ಉದುರಿಸಿಕೊಂಡು ಸಿದ್ಧವಾಗಿತ್ತು. “ಇದು ನನ್ನ ಗಂಡ ಉಡುವ ಬಟ್ಟೆ” ಅನ್ನುವುದಕ್ಕೆ ಬೇಕಾದ ಸ್ಲೊವೇನಿಯನ್ ನನ್ನ ಹತ್ತಿರ ಇರಲಿಲ್ಲ. ಇದ್ದಿದ್ದರೂ ಹೇಳುವ ಧೈರ್ಯ ಎಲ್ಲಿತ್ತು?

ಪಂಚೆ ಎತ್ತಿದಂತೆಲ್ಲ ಹಿಟ್ಟು ತಾನಾಗಿ ಸುರುಳಿಯಾಗುತ್ತಾ ಉರುಳಿಕೊಂಡು ಹೋಯಿತು. ಒಂದು ಬಿರುಕಿಲ್ಲ. ಅಜ್ಜಿ ಅದನ್ನು ಪಂಚೆಯಲ್ಲೇ ಬಿಗಿಯಾಗಿ ಸುತ್ತಿ ಎರಡೂ ತುದಿಗೆ ದಾರ ಕಟ್ಟಿದಾಗ ಬಾಣಂತಿ ಪಕ್ಕದ ಕೂಸಿನ ಹಾಗೆ ಮುದ್ದಾಗಿ ಮಲಗಿತ್ತು. ಅಷ್ಟುದ್ದದ ಪಾತ್ರೆ ಮನೆಯಲ್ಲಿ ಇರಲಿಲ್ಲ. ಊರಿಂದ ತಂದಿದ್ದ ದೊಡ್ಡ ಕುಕ್ಕರಿನ ತುಂಬ ನೀರು ಕುದಿಸಿ, ಕೂಸನ್ನು ಬಗ್ಗಿಸಿ ಕೂರಿಸಿ, ಮುಚ್ಚಳ ಹಾಕದೆ ಬಿಟ್ಟೆವು. ನಾವಿಬ್ಬರೂ ಬಾಲ್ಕನಿಯಲ್ಲಿ ಅಜ್ಜಿಯ ಮೊಮ್ಮಕ್ಕಳ ಫೋಟೊ ನೋಡುತ್ತಾ ನಿಂತಿದ್ದಾಗ ನಮ್ಮ ಯಜಮಾನರು ಎದ್ದು ಬಂದರು. ಅವರು ಅಡುಗೆಮನೆಗೆ ಕೈ ಹಾಕುವುದು ಅಪರೂಪ, ಆ ದಿನ ಹಾಕಿದರು. ಕುಕ್ಕರಿಗೆ ಮುಚ್ಚಳ ಹಾಕುವುದನ್ನು ಮರೆತಿದ್ದಾಳೆ ಎಂದುಕೊಂಡು ಮುಚ್ಚಿ, ವೆಯ್ಟನ್ನೂ ಕೂರಿಸಿ ಹೋದರು.

ಕುಕ್ಕರು ಕೂಗಿತು. ಕೂಗುವುದರ ಜೊತೆಗೆ ಕಂಠಮಟ್ಟ ತುಂಬಿದ್ದ ನೀರನ್ನು ಗೋಡೆಗೆ ಉಗಿಯಿತು. ಜನ್ಮದಲ್ಲಿ ಕುಕ್ಕರಿನ ಸೀಟಿ ಕೇಳದ ಅಜ್ಜಿ ಫೋಟೊ, ಕನ್ನಡಕ ಬಿಟ್ಟು ಬಾಗಿಲು ದಾಟಿ ಮೆಟ್ಟಿಲ ಮೇಲಿದ್ದರು. ಮಂಡಿ ನೋವು ಎಲ್ಲಿ ಹೋಯಿತೋ. ನಾನು ಒಲೆ ಆರಿಸಿ ನೋಡಿದರೆ ಬಿಳಿ ಟೈಲ್ಸಿನ ಮೇಲೆ ಇಳಿಯುತ್ತಿದ್ದ ನೀರು ಗುಲಾಬಿ ಬಣ್ಣದ್ದು.

ಬಿಚ್ಚಿದಾಗ ಸುರುಳಿಯ ಎರಡು ತುದಿಗೂ ಅಚ್ಚುಕಟ್ಟಾಗಿ ಕೆಂಪಂಚು ಬಂದಿತ್ತು. ಪಂಚೆ ಮಾತ್ರ ಪೂರಾ ಗುಲಾಬಿ. ಯಜಮಾನರು ಎರಡನ್ನೂ ದಿಟ್ಟಿಸಿ ನೋಡಿ, “ನಿಮ್ಮಪ್ಪ ಮದುವೇಲಿ ಕೊಟ್ಟಿದ್ದಲ್ವಾ? ಬಣ್ಣ ಬಿಡದೆ ಏನ್ಮಾಡುತ್ತೆ” ಅಂದರು. ಕುಕ್ಕರ್ ಮುಚ್ಚಿದ್ದು ಯಾರು ಅನ್ನುವ ವಿಚಾರಣೆ ಅಲ್ಲಿಗೆ ಬಿದ್ದುಹೋಯಿತು. ಇಂಥ ವಿದ್ಯೆಯಲ್ಲಿ ಅವರು ನಿಸ್ಸೀಮರು.

ಅಜ್ಜಿಯನ್ನು ಕರೆತಂದು ಕೂರಿಸಿದೆ. ಅವರು ಕೆಂಪು ತುದಿಗಳನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಎರಡು ಬೆರಳು ದಪ್ಪಕ್ಕೆ ಹೋಳು ಮಾಡಿದರು. ಬೂದು ಹಿಟ್ಟಿನೊಳಗೆ ಬಿಳಿ ಸುರುಳಿ ಬಲು ಚೆಂದ. ಮೇಲೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ. ಉಳಿದದ್ದನ್ನು ಮಾರನೇ ದಿನ ಕಾವಲಿಯ ಮೇಲೆ ತುಪ್ಪ ಹಾಕಿ ಕೆಂಪಗೆ ಮಾಡಿ, ಶೇಂಗಾ ಚಟ್ನಿಪುಡಿ ಉದುರಿಸಿ ಅಜ್ಜಿಗೂ ಕೊಟ್ಟೆ. ಅವರು ಕೆಮ್ಮಿ, ನೀರು ಕುಡಿದು, ಕಣ್ಣೊರೆಸಿಕೊಂಡು ಪುಡಿಯ ಡಬ್ಬವನ್ನು ತಮ್ಮ ಕಡೆ ಎಳೆದುಕೊಂಡರು.

ಪಂಚೆಯನ್ನು ಒಗೆದು ಕೊಡುತ್ತೇನೆಂದು ಒಯ್ದವರು ಇಸ್ತ್ರಿ ಮಾಡಿ ತಂದರು. ಗುಲಾಬಿ ಹೋಗಿರಲಿಲ್ಲ. ನಮ್ಮ ಯಜಮಾನರು ಅದನ್ನು ಇನ್ನು ಉಡುವುದಿಲ್ಲ ಎಂದು ತಿಳಿದದ್ದೇ ತಡ, ಅಜ್ಜಿ ಮಡಿಕೆ ಬಿಡಿಸದೆ ಕಂಕುಳಲ್ಲಿ ಇಟ್ಟುಕೊಂಡು ವಾಪಸ್ ಹೋದರು. ಇಂಥ ಶ್ಟ್ರೂಕ್ಲಿ ಬಟ್ಟೆ ಅವರು ಕಂಡೇ ಇಲ್ಲವಂತೆ. ಈಗ ಅವರ ಅಕ್ಕನಿಗೂ ಒಂದು ಬೇಕಂತೆ. ಬೇಸಿಗೆಗೆ ಊರಿಗೆ ಹೋದಾಗ ತರಬೇಕಾದ ಪಟ್ಟಿಯಲ್ಲಿ ಹುಣಸೆಹಣ್ಣಿನ ಕೆಳಗೆ ‘ಪಂಚೆ, ಎರಡು, ಅಂಚಿಲ್ಲದ್ದು’ ಎಂದು ಬರೆದುಕೊಂಡಿದ್ದೇನೆ. ಯಜಮಾನರು ಸದ್ಯಕ್ಕೆ ಮನೆಯಲ್ಲೂ ಪ್ಯಾಂಟ್ ಹಾಕಿಕೊಂಡೇ ಓಡಾಡುತ್ತಿದ್ದಾರೆ.